ದುಂಬಿಯ ಪಾದದಲ್ಲಿ ಅಡಗಿದ ಗಣ್ಣು

ಆಬರ್ನ್ ಹಿಲ್ಸ್,
ಜೂನ್ 21

ಅಮ್ಮಾ,

ನೀನು ಮೊದಲು ಕೇಳುವುದು ಊಟದ ವಿಷಯ ತಾನೆ? ನೀವಿಬ್ಬರೂ ಬೇರೆಯಾದ ಮೇಲೆ ಅಪ್ಪ ಸಾರು ಕಲಿತಿದ್ದಾರೆ, ತಿನ್ನಬಹುದು. ಈಗ ನನ್ನ ಯುದ್ಧದ ಕಥೆ ಕೇಳು.

ಈ ಬಡಾವಣೆಯಲ್ಲಿ ಉಳಿದಿರುವ ಒಂದೇ ಆಶ್ ಮರ ಅಪ್ಪನ ಹಿತ್ತಿಲಿನದು. ಮಿಕ್ಕವನ್ನೆಲ್ಲ ಹಸಿರು ಕೊರಕ ಹುಳು ತೊಗಟೆಯ ಒಳಗೇ ತಿಂದು ಮುಗಿಸಿದೆ. ಕಳೆದ ವಾರ ಕಾಂಡದ ಮೇಲೆ ಕೆಂಪು-ಕಪ್ಪು ಪಟ್ಟೆಯ ದುಂಬಿಗಳನ್ನು ಕಂಡ ಬಡಾವಣೆಯ ಅಸೋಸಿಯೇಷನ್‌ನವರು ವಿಷ ಸಿಂಪಡಿಸಲು ತೀರ್ಮಾನಿಸಿದರು. ಅಧ್ಯಕ್ಷರು ಅಪ್ಪನೇ! ಲೈಬ್ರರಿಯ ಕರಪತ್ರ ಹಿಡಿದು ಸಭೆಗೇ ನುಗ್ಗಿದೆ. ಇವು ಚೌಕಳಿ ದುಂಬಿಗಳು, ಕೊರಕದ ಮರಿಗಳನ್ನು ಬೇಟೆಯಾಡುತ್ತವೆ, ಕಾವಲುಗಾರರನ್ನೇ ಕೊಲ್ಲುತ್ತೀರಾ ಎಂದು ಕೂಗಿದೆ. ಪಕ್ಕದ ಮನೆಯ ನಿರಂಜನ್ ಅಂಕಲ್, "ನಿನ್ ಹುಳಕ್ಕೆ ವೀಸಾ ಇದ್ಯೇನಮ್ಮಾ?" ಎಂದರು. "ಇಲ್ಲೇ ಹುಟ್ಟಿದ್ದು ಅಂಕಲ್, ನನ್ ಥರ" ಎಂದೆ.

ಅಪ್ಪ ನಗಲಿಲ್ಲ. ಕಾರಿನ ಬಿಡಿಭಾಗ ಪರೀಕ್ಷಿಸುವವರಲ್ಲವೇ? "ಆ ಫ್ಯಾಮಿಲಿಲಿ ಒಣಮಾಂಸ ತಿನ್ನೋವೂ ಇವೆ ಅಂತ ನಿನ್ ಪ್ಯಾಂಫ್ಲೆಟ್ಟಲ್ಲೇ ಇದೆ. ಇದು ಯಾವ ಪೈಕಿ? ಪ್ರೂವ್ ಮಾಡು, ಸ್ಪ್ರೇ ಕ್ಯಾನ್ಸಲ್ ಮಾಡಿಸ್ತೀನಿ" ಎಂದರು.

ಒಂದು ದುಂಬಿಯನ್ನು ಡಬ್ಬಿಯಲ್ಲಿ ಹಾಕಿ, ತಣ್ಣಗಾಗಿ ಓಡದಿರಲೆಂದು ಫ್ರಿಜ್‌ನಲ್ಲಿ ಮೊಸರಿನ ಪಕ್ಕ ಸ್ವಲ್ಪ ಹೊತ್ತು ಇಟ್ಟೆ. ಒಡವೆ ಅಂಗಡಿಯಲ್ಲಿ ನೀನು ಹರಳು ನೋಡುವ ಲೆನ್ಸನ್ನು ವಾಪಸ್ ಕಳಿಸೆಂದು ಕೊಟ್ಟಿದ್ದೆಯಲ್ಲ, ಅದರಲ್ಲಿ ಪಾದದ ಗಣ್ಣು ಎಣಿಸಿದೆ. ನಾಲ್ಕು! ಅದು ಒಣಮಾಂಸದವುಗಳ ಗುರುತೆಂದು ನೆನಪಿತ್ತು.

ಮತ್ತೆ ಓದಿದೆ. ಎರಡೂ ಬಗೆಯವಕ್ಕೆ ಇರುವುದು ಐದು. ಮೇಲಿನಿಂದ ಕಾಣುವುದು ನಾಲ್ಕೇ. ಒಣಮಾಂಸದವಕ್ಕೆ ನಾಲ್ಕನೆಯದು ಮೂರನೆಯದರ ಸಂದಿನಲ್ಲಿ ಹುದುಗಿರುತ್ತದೆ. ಬೇಟೆಯಾಡುವ ಕ್ಲೆರಿನೇ ಉಪಕುಟುಂಬಕ್ಕೆ ಮೊದಲನೆಯದೇ ಎರಡನೆಯದರ ಅಡಿಯಲ್ಲಿ ಅಡಗಿರುತ್ತದೆ. ಕಿಟಕಿಯ ಬೆಳಕಿನಲ್ಲಿ ದುಂಬಿಯನ್ನು ಮೆಲ್ಲಗೆ ಪಕ್ಕಕ್ಕೆ ಹೊರಳಿಸಿದೆ. ಇತ್ತು ಅಮ್ಮಾ! ಬುಡದಲ್ಲೇ, ರವೆ ಕಾಳಿಗಿಂತ ಸಣ್ಣದು. ಅದರಾಚೆಯ ಗಣ್ಣುಗಳ ಅಡಿಯಲ್ಲಿ ಮಖಮಲ್ಲಿನಂಥ ಮೆತ್ತೆ. ಯಾರೂ ನೋಡದ ಜಾಗದಲ್ಲಿ ಇಷ್ಟು ಅಚ್ಚುಕಟ್ಟು ಯಾರಿಗಾಗಿ?

ಅಪ್ಪನನ್ನು ಕರೆದೆ. ಬಹಳ ಹೊತ್ತು ನೋಡಿದರು. "ಐದು" ಎಂದು ಪಿಸುಗುಟ್ಟಿ, ಅಲ್ಲೇ ಫೋನ್ ಮಾಡಿ ಸಿಂಪಡಣೆ ನಿಲ್ಲಿಸಿದರು. ದುಂಬಿಯನ್ನು ಮರಕ್ಕೆ ಬಿಟ್ಟೆವು. ಬಿಸಿಲು ತಾಗಿದ್ದೇ ತಡ, ಕಾಂಡ ಹತ್ತಿ ಓಡಿತು.

ನಿನ್ನ ಜಗಳಗಂಟಿ,
ಛಾಯಾ

ಮರೆತಿದ್ದೆ: ಲೆನ್ಸ್ ಈ ಪತ್ರದ ಜೊತೆ ಇಲ್ಲ. ಯಾರದ್ದೆಂದು ಅಪ್ಪ ಕೇಳಿದರು, ನಿನ್ನದೆಂದೆ. ಒರೆಸಿ ಅಂಗಿಯ ಜೇಬಿಗೆ ಹಾಕಿಕೊಂಡರು. ಶನಿವಾರ ತಾವೇ ನೀನಿರುವ ಇಟಾಸ್ಕಾಗೆ ಐದು ಗಂಟೆ ಡ್ರೈವ್ ಮಾಡಿಕೊಂಡು ಬಂದು ಕೊಡುತ್ತಾರಂತೆ. ಅಂಚೆಗೆ ಹಾಕಬಹುದೆಂದು ನಾನು ಹೇಳಲಿಲ್ಲ.