‘ಗೊತ್ತಿಲ್ಲ’ಕ್ಕೆ ಒಂದು ಮಂಜೊಟ್ಟಿ

ಜೂನ್ 19, ಗುರುವಾರ

ಕಾಪು ಶಾಲೆ. ಉಡುಪಿಯಿಂದ ನಿಂತುಕೊಂಡೇ ಹೋದದ್ದು. ನನ್ನ ಕೊಡೆಯ ನೀರು ಯಾರದ್ದೋ ಪ್ಯಾಂಟಿಗೆ ಸೋರಿ ಬೆಳಿಗ್ಗೆಯೇ ಬೈಸಿಕೊಂಡೆ. ಬ್ಯಾಗಿನಲ್ಲಿ ಎಂದಿನ ಸಾಮಾನು — ಚಿತ್ರದ ಕಾರ್ಡು, ಬ್ಲಾಕು, ಮಂಜೊಟ್ಟಿ ಡಬ್ಬಿ.

ಈ ಮಂಜೊಟ್ಟಿ ಯಾವ ಕಿಟ್‌ನಲ್ಲಿ ಬಂದದ್ದು ಎಂದು ಆಫೀಸಿನವರು ವರ್ಷಕ್ಕೊಮ್ಮೆ ಕೇಳುತ್ತಾರೆ. ಯಾವ ಕಿಟ್ಟೂ ಅಲ್ಲ. ಕಾರ್ಕಳದ ಮನೆಯಲ್ಲಿ ಅಮ್ಮ ಚೆನ್ನೆಮಣೆ ಆಡುತ್ತಿದ್ದ ಕೆಂಪು ಬೀಜಗಳು. ಸರಿ ಉತ್ತರಕ್ಕೆ ಒಂದು. ಇಲ್ಲಿ ನಾನು ಕಲಿಸುವ ಮೋಕ್ಷಾ ಅದಕ್ಕಾಗಿ ಏನು ಬೇಕಾದರೂ ಮಾಡುತ್ತಾಳೆ. ಚಾಕಲೇಟು ಕೊಟ್ಟರೆ ಮೂಸಿ ನೋಡಿ ವಾಪಸು ಕೊಡುವ ಹುಡುಗಿ.

ಇವತ್ತು ಬಿಸಿಯೂಟದ ಗ್ಯಾಸ್ ತಂದವ ಬಾಗಿಲಲ್ಲಿ ನಿಂತು ಸುಮ್ಮನೆ ಕೇಳಿದ, “ಎಂತ ಮಗಾ ನಿನ್ನ ಹೆಸರು?”

“ಮೋಕ್ಷಾ. ಅಮ್ಮ ಕುಶಲಾ. ಮೂಳೂರು.”

ಒಂದೇ ಉಸಿರಿಗೆ! ಗುರುತು ಪರಿಚಯ ಇಲ್ಲದವನ ಎದುರು! ನವೆಂಬರಿನಿಂದ ಇದನ್ನು ಕಲಿಸುತ್ತಿದ್ದೇನೆ. ನನ್ನ ಎದುರು ಹೇಳುತ್ತಿದ್ದಳು, ಬೇರೆಯವರು ಕೇಳಿದರೆ ಬಾಯಿಗೆ ಬೀಗ. ಕಳೆದ ವರ್ಷ ಯಾರದೋ ಹಿಂದೆ ಬಸ್ಸು ಹತ್ತಿ ಕಟಪಾಡಿಯಲ್ಲಿ ಇಳಿದಿದ್ದಳು. ಮೂರು ಗಂಟೆ ಹೊತ್ತು ಅಂಗಡಿಯವರು ಕೇಳಿದರೂ ಹೆಸರು ಹೇಳಿರಲಿಲ್ಲ.

ಇವಳದು ಹಾಗೆಯೇ. ಇವತ್ತು ಕಲಿಸಿದ್ದು ಇವತ್ತು ಬರುವುದಿಲ್ಲ. ತಿಂಗಳೋ ಆರು ತಿಂಗಳೋ ಕಳೆದು, ನಾವೇ ಮರೆತ ಮೇಲೆ, ಎಲ್ಲಿಯೋ ಹೊರಗೆ ಬರುತ್ತದೆ. ಒಮ್ಮೆ ಬಂದದ್ದು ಮತ್ತೆ ಹೋಗುವುದಿಲ್ಲ.

ಹೆಡ್ ಟೀಚರ್ ಸಿಸಿಲಿಯಾ ಕಣ್ಣೊರೆಸಿಕೊಂಡರು. ನಾನು ಗ್ಯಾಸಿನವನ ಕೈಗೂ ಒಂದು ಮಂಜೊಟ್ಟಿ ಕೊಟ್ಟೆ. ಅವ ತಿರುಗಿಸಿ ನೋಡಿ ಕಿಸೆಗೆ ಹಾಕಿಕೊಂಡ.

ಜೂನ್ 26, ಗುರುವಾರ

ಮೋಕ್ಷಾಳಿಗೆ ಹತ್ತು ತುಂಬಿತು. ಅಂಗವಿಕಲತೆಯ ಸರ್ಟಿಫಿಕೇಟ್ ಹೊಸದಾಗಿ ಆಗಬೇಕು, ಮತ್ತೆ ಪರೀಕ್ಷೆ. ಹಳೆಯದರಲ್ಲಿ ಶೇಕಡಾ ಐವತ್ತು ಇತ್ತು. ನಲವತ್ತಕ್ಕಿಂತ ಕೆಳಗೆ ಬಂದರೆ ನಮ್ಮ ಪಟ್ಟಿಯಿಂದ ಹೆಸರು ಹೊರಗೆ.

ಈ ಶಾಲೆಯಲ್ಲಿ ಪಟ್ಟಿಯಲ್ಲಿರುವುದು ಇವಳೊಬ್ಬಳೇ. ಇವಳಿಲ್ಲದಿದ್ದರೆ ನನಗೆ ಇಲ್ಲಿ ಗುರುವಾರವೂ ಇಲ್ಲ. ಹನ್ನೊಂದು ಶಾಲೆಗೆ ವಿಶೇಷ ಶಿಕ್ಷಕ ಎಂದರೆ ಗುಣಪಾಲ ಎಂಬ ನಾನೊಬ್ಬನೇ, ಅದೂ ಗುತ್ತಿಗೆಯವ. ಎಲ್ಲಿ ಹೋಗಬೇಕೆಂದು ಹೇಳುವುದು ಪಟ್ಟಿ.

ಈ ವರ್ಷದ ಗುರಿ ಎಂದು ಬರೆದಿಟ್ಟದ್ದು: ಅಮ್ಮನ ಫೋನ್ ನಂಬರ್. ಈಗ ಮೊದಲ ಮೂರು ಅಂಕಿ ಬರುತ್ತದೆ.

ಜುಲೈ 10, ಗುರುವಾರ

ಕಳೆದ ವಾರ ಮಳೆಗೆ ಡಿಸಿ ರಜೆ. ಇವತ್ತು ಕುಶಲಾ ಬಂದಿದ್ದರು. ಗೇರುಬೀಜದ ಫ್ಯಾಕ್ಟರಿಯಿಂದ ಅರ್ಧ ದಿನ ಬಿಡಿಸಿಕೊಂಡು. ಬೆರಳುಗಳ ತುದಿ ಕಪ್ಪು. ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡೇ ಮಾತಾಡುವುದು.

“ಸಾರ್, ಒಂದು ಕೇಳುದಾ? ಬೈಬಾರದು.”

“ಎಂತ ಹೇಳಿ.”

“ಪರೀಕ್ಷೆಯ ದಿನ ಇವಳು ಎಲ್ಲದಕ್ಕೂ ಸರಿ ಹೇಳಿದರೆ ಪರ್ಸೆಂಟ್ ಕಡಿಮೆ ಆಗ್ತದಂತೆ ಅಲ್ವಾ? ಆ ಒಂದು ದಿನ ಮಾತಾಡದೆ ಇರ್ಲಿಕ್ಕೆ... ನೀವು ಹೇಳಿದರೆ ಕೇಳ್ತಾಳೆ ಸಾರ್. ನನ್ನ ಮಾತು ಕೇಳುದಿಲ್ಲ.”

ಬೈದೆ. ಬೈಬಾರದು ಎಂದದ್ದಕ್ಕೇ ಹೆಚ್ಚು ಬೈದೆನೋ ಏನೋ. ಎರಡು ವರ್ಷ ಮಣ್ಣು ಹೊತ್ತದ್ದಾ ನಾನು, ಮಗುವಿನ ಬಾಯಿ ಬಿಡಿಸಿದ್ದು ಮುಚ್ಚಿಸುವುದಕ್ಕಾ, ನಿಮಗೆ ನಾಚಿಕೆ ಆಗುವುದಿಲ್ಲವಾ ಎಂದೆಲ್ಲ.

ಕುಶಲಾ ತಲೆ ಎತ್ತಲಿಲ್ಲ. “ನೀವು ಬರುದಿಲ್ಲ ಅಂತ ಆದ್ರೆ ಇವಳಿಗೆ ಯಾರುಂಟು ಸಾರ್?” ಎಂದರು. ಅಷ್ಟೇ.

ನನ್ನ ಹತ್ತಿರ ಬೈಗುಳ ಮಾತ್ರ ಇದ್ದದ್ದು.

ಜುಲೈ 14, ಸೋಮವಾರ

ಆಫೀಸಿನಲ್ಲಿ ಸಾಹೇಬರನ್ನು ಕೇಳಿದೆ. ಮೂವತ್ತೊಂಬತ್ತು ಬಂದರೂ ಇಲ್ಲವಾ ಸಾರ್? ಇಲ್ಲ. ತಿಂಗಳಿಗೊಮ್ಮೆಯಾದರೂ ಹೋಗಬಹುದಾ? ನಕ್ಕರು. ಒಳ್ಳೆಯವರೇ, ಚಹಾ ತರಿಸಿದರು. “ಮಗು ಚುರುಕಾದರೆ ಸಂತೋಷ ಅಲ್ವಾ ಮಾರಾಯ್ರೆ?”

ಸಂತೋಷವೇ. ಚಹಾ ಕುಡಿದು ಬಂದೆ.

ಜುಲೈ 17, ಗುರುವಾರ

ಮಾಡಿದೆ.

ಬರೆಯಬಾರದು ಎಂದುಕೊಂಡಿದ್ದೆ. ಆದರೆ ಬೇರೆ ಯಾರಿಗೆ ಹೇಳುವುದು.

ಬಾಗಿಲು ಅರ್ಧ ಹಾಕಿ ಕುಳಿತೆವು. ಲೋಟದ ಕಾರ್ಡು ತೋರಿಸಿದೆ. “ಇದೆಂತ?”

“ಲೋಟ.” ಕೈ ಚಾಚಿದಳು.

“ಅಲ್ಲ. ‘ಗೊತ್ತಿಲ್ಲ’ ಹೇಳು.”

ಮುಖ ನೋಡಿದಳು. ನನಗೆ ಕಿವಿ ಕೇಳಿಸಲಿಲ್ಲ ಎಂದುಕೊಂಡಿರಬೇಕು. ಹತ್ತಿರ ಬಂದು ದೊಡ್ಡದಾಗಿ, “ಲೋಟ!”

“ಗೊತ್ತಿಲ್ಲ ಹೇಳು ಮೋಕ್ಷಾ.”

“ಲೋಟ ಸಾರ್. ಲೋಟ. ಕುಡಿಲಿಕ್ಕೆ.” ಕುಡಿಲಿಕ್ಕೆ ಎಂದು ಇದುವರೆಗೆ ಹೇಳಿದವಳಲ್ಲ. ನನ್ನನ್ನು ಒಪ್ಪಿಸಲು ಇದ್ದದ್ದನ್ನೆಲ್ಲ ಹುಡುಕಿ ತಂದಳು. ಕೊನೆಗೆ ಕಣ್ಣಲ್ಲಿ ನೀರು. ನಾನು ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಕಲಿಸುವ ಚಟ ನನ್ನದು, ಹಿಡಿದದ್ದನ್ನು ಬಿಟ್ಟು ಗೊತ್ತಿಲ್ಲ.

ಸುಮಾರು ಇಪ್ಪತ್ತನೆಯ ಸಲಕ್ಕೆ, ಸಣ್ಣ ಸ್ವರದಲ್ಲಿ — “ಗೊತ್ತಿಲ್ಲ.”

ಮಂಜೊಟ್ಟಿ ಕೊಟ್ಟೆ. ಮುಖ ಅರಳಿತು. ಓ ಇದಾ, ಇಷ್ಟೇನಾ ಎಂಬ ಹಾಗೆ. ಇನ್ನೂ ಮೂರು ಸಲ ಹೇಳಿಸಿದೆ. ಕೊನೆಯ ಸಲ ಕಾರ್ಡು ಅಲ್ಲ. “ನಿನ್ನ ಹೆಸರೆಂತ?” ಎಂದೇ ಕೇಳಿದೆ. ಅವಳು ಅದಕ್ಕೂ ‘ಗೊತ್ತಿಲ್ಲ’ ಹೇಳಿದಳು. ನಾನು ಬೀಜ ಕೊಟ್ಟೆ.

ಹೊರಗೆ ಬಂದು ನಳ್ಳಿಯ ಹತ್ತಿರ ಮುಖ ತೊಳೆದೆ. ಥೂ.

ಜುಲೈ 22, ಮಂಗಳವಾರ

ಪರೀಕ್ಷೆ. ಬರುವುದಿಲ್ಲ ಎಂದಿದ್ದೆ. ಬೆಳಿಗ್ಗೆ ಎಂಟಕ್ಕೆ ಆಸ್ಪತ್ರೆಯ ಗೇಟಿನ ಎದುರು ನಿಂತಿದ್ದೆ.

ಪರೀಕ್ಷೆ ಮಾಡುವವಳು ಚಿಕ್ಕ ಪ್ರಾಯದ ಹುಡುಗಿ, ಮಣಿಪಾಲದಲ್ಲಿ ಓದಿದವಳಂತೆ. ದಡಬಡ ಇಲ್ಲ, ಮಗುವಿನ ಎತ್ತರಕ್ಕೆ ಬಗ್ಗಿ ಮಾತಾಡುತ್ತಾಳೆ. ಕೆಟ್ಟವಳಾಗಿದ್ದರೆ ನನಗೆ ಎಷ್ಟು ಸುಲಭವಾಗುತ್ತಿತ್ತು. ನಾವು ಹಿಂದಿನ ಕುರ್ಚಿಯಲ್ಲಿ ಕುಳಿತೆವು.

ಹೆಸರು — ಹೇಳಿದಳು. ಊರು — ಹೇಳಿದಳು. ಬ್ಲಾಕು ಜೋಡಿಸಿದಳು, ಒಂದೊಂದು ಮುಗಿದಾಗಲೂ ತಿರುಗಿ ನನ್ನನ್ನು ನೋಡಿದಳು. ಲೋಟದ ಚಿತ್ರ ಬಂತು. “ಲೋಟ. ಕುಡಿಲಿಕ್ಕೆ.”

ಐದು ದಿನದ ಹಿಂದಿನ ‘ಗೊತ್ತಿಲ್ಲ’ ಒಂದು ಸಲವೂ ಬರಲಿಲ್ಲ. ದೇವರು ದೊಡ್ಡವನು ಎಂದುಕೊಂಡೆ. ನಿಜವಾಗಿ ಹಾಗೆಯೇ ಅಂದುಕೊಂಡೆ.

ಮತ್ತೆ ಕುಶಲಾರ ಸರದಿ. ಸ್ನಾನ ತಾನೇ ಮಾಡ್ತಾಳಾ? “ಹೌದು ಮೇಡಂ.” ಊಟ ತಾನೇ? “ಎಲ್ಲ ಅವಳೇ.” ತಲೆ ಬಾಚಿಕೊಳ್ತಾಳಾ? “ಜಡೆಯೂ ಅವಳೇ ಹಾಕ್ತಾಳೆ!” ಶುದ್ಧ ಸುಳ್ಳು. ಆ ಜಡೆ ಬೆಳಿಗ್ಗೆ ಹಾಕಿದ್ದು ಇವರೇ. ಮಗಳು ಬಾಯಿ ಮುಚ್ಚಬೇಕೆಂದು ಕೇಳಿದ್ದ ಹೆಂಗಸು! ಮಗಳನ್ನು ಹೊಗಳುವುದಕ್ಕೆ ಒಬ್ಬರು ಕೇಳಿದ್ದು ಬಹುಶಃ ಇದೇ ಮೊದಲು. ತಡೆದುಕೊಳ್ಳಲಾಗಲಿಲ್ಲ.

“ನೀವಾ ಸಾರ್ ಕಲಿಸಿದ್ದು? ತುಂಬಾ ಚೆನ್ನಾಗಿ ಕಲಿಸಿದ್ದೀರಿ.”

ನಾನೂ ಉಬ್ಬಿದೆ. ಯಾಕೆ ಸುಳ್ಳು ಹೇಳಲಿ.

ಹೊರಗೆ ಮೂವರೂ ನಿಂತು ಗೋಳಿಬಜೆ ತಿಂದೆವು.

ಆಗಸ್ಟ್ 5, ಮಂಗಳವಾರ

ಶೇಕಡಾ ಇಪ್ಪತ್ತೈದು.

ಕುಶಲಾ ಮೊಬೈಲಿನಲ್ಲಿ ಬಂದದ್ದನ್ನು ನನಗೆ ಕಳಿಸಿ ಕೆಳಗೆ ಬರೆದಿದ್ದರು: “ಸಾರ್ ಇದು ಒಳ್ಳೇದಾ?”

ಆಗಸ್ಟ್ 7, ಗುರುವಾರ

ಕೊನೆಯ ಗುರುವಾರ. ಮುಂದಿನ ವಾರದಿಂದ ಶಿರ್ವದ ಕಡೆಯ ಶಾಲೆ, ಅಲ್ಲಿ ಪಟ್ಟಿಯಲ್ಲಿ ಇಬ್ಬರು ಉಂಟು. ಅವರದೂ ತಪ್ಪಲ್ಲ.

ಫೋನ್ ನಂಬರ್ ಐದು ಅಂಕಿಗೆ ಬಂದು ನಿಂತಿದೆ. ಉಳಿದ ಐದನ್ನು ಒಂದೇ ದಿನದಲ್ಲಿ ತುರುಕಲು ನೋಡಿದೆ. ಆಗಲಿಲ್ಲ. ಸಿಸಿಲಿಯಾ ಟೀಚರ್, “ನಾನು ನೋಡ್ಕೊಳ್ತೇನೆ ಸಾರ್” ಎಂದರು. ಅವರಿಗೆ ಮೂರು ಕ್ಲಾಸು, ಬಿಸಿಯೂಟ, ಆನ್‌ಲೈನ್ ಎಂಟ್ರಿ. ನೋಡಿಕೊಳ್ಳುವುದು ಯಾವಾಗ?

“ಸಾರ್ ಗುರುವಾರ” ಎಂದಳು ಹೊರಡುವಾಗ. ಪ್ರತಿ ವಾರ ಹೇಳುವುದು. ನಾನೂ ಪ್ರತಿ ವಾರದಂತೆ “ಗುರುವಾರ” ಎಂದುಬಿಟ್ಟೆ.

ಆಗಸ್ಟ್ 21, ಗುರುವಾರ, ಸಂಜೆ

ಶಿರ್ವದಿಂದ ಬರುವಾಗ ಬಸ್ಸಿನಲ್ಲಿ ಸಿಸಿಲಿಯಾ ಟೀಚರ ಫೋನು.

“ಸಾರ್, ಮೋಕ್ಷಾಗೆ ಎಂತದೋ ಆಗಿದೆ. ಸೋಮವಾರದಿಂದ ಎಂತ ಕೇಳಿದರೂ ಗೊತ್ತಿಲ್ಲ, ಗೊತ್ತಿಲ್ಲ. ಪುಸ್ತಕ ತೋರಿಸಿದರೂ ಗೊತ್ತಿಲ್ಲ. ಹೆಸರು ಕೇಳಿದರೂ ಅದೇ. ಯಾರಾದರೂ ಹೆದರಿಸಿದರಾ ಅಂತ...”

“ಮನೆಯಲ್ಲಿ?”

“ಅಲ್ಲಿಯೂ ಹಾಗೇ ಅಂತೆ. ಅಲ್ಲಿ ತುಳುವಿನಲ್ಲಿ ಗೊತ್ತುಜ್ಜಿ ಹೇಳ್ತಾಳಂತೆ.”

ಒಂದು ಕಡೆ ಕಲಿತದ್ದನ್ನು ಇನ್ನೊಂದು ಕಡೆ ತಾನಾಗಿ ಬಳಸಬೇಕು. ಒಂದು ಮಾತಿನಲ್ಲಿ ಕಲಿತದ್ದನ್ನು ಇನ್ನೊಂದು ಮಾತಿನಲ್ಲಿ ಹೇಳಬೇಕು. ಆಗಲೇ ಕಲಿಕೆ ಪೂರ್ಣವಾದದ್ದು ಎಂದು ನಮಗೆ ಟ್ರೈನಿಂಗಿನಲ್ಲಿ ಹೇಳಿಕೊಡುತ್ತಾರೆ. ಎರಡು ವರ್ಷದಲ್ಲಿ ನಾನು ಕಲಿಸಿದ್ದರಲ್ಲಿ ಇಷ್ಟು ಪೂರ್ಣವಾಗಿ ಬಂದದ್ದು ಇದೊಂದೇ.

ತಿಂಗಳು ಕಳೆದು, ನಾವೇ ಮರೆತ ಮೇಲೆ.

ಮರೆತಿರಲಿಲ್ಲ ನಾನು. ಟೀಚರಿಗೆ ಹೇಳಬೇಕು, ಹೆದರಿಸಿದ್ದು ಯಾರೂ ಅಲ್ಲ ಎಂದು. ಹೇಳಲಿಲ್ಲ. ಇಳಿಯುವ ಸ್ಟಾಪು ದಾಟಿತು.

ಆಗಸ್ಟ್ 23, ಶನಿವಾರ

ರಜೆ ಹಾಕಿ ಕಾಪುವಿಗೆ ಹೋದೆ. ಶನಿವಾರದ ಬೆಳಗಿನ ಶಾಲೆ. ದಾರಿಯುದ್ದಕ್ಕೂ ಲೆಕ್ಕ — ‘ಗೊತ್ತಿಲ್ಲ’ ಎಂದಾಗ ಬೀಜ ಕೊಡಬಾರದು, ಹೆಸರು ಹೇಳಿದಾಗ ಮಾತ್ರ ಕೊಡಬೇಕು, ವಾರಕ್ಕೊಂದು ಸಲ ಆದರೆ ಎಷ್ಟು ತಿಂಗಳು, ಭಾನುವಾರ ಅವರ ಮನೆಗೇ ಹೋದರೆ ಎಷ್ಟು...

ಕುಶಲಾ ಆಗಲೇ ಬಂದು ಜಗಲಿಯಲ್ಲಿ ನಿಂತಿದ್ದರು. ಅಳುತ್ತಿರಬಹುದು ಎಂದುಕೊಂಡಿದ್ದೆ. ಇಲ್ಲ. ಕಣ್ಣಿನಲ್ಲಿ ಬೇರೆ ಏನೋ.

“ನಾನೇ ಹೇಳಿದ್ದಲ್ವಾ ಸಾರ್. ನೀವು ಕಲಿಸಿದ್ದು ಅಂತ ನಂಗೆ ಗೊತ್ತುಂಟು. ಯಾರ ಹತ್ರವೂ ಹೇಳುದಿಲ್ಲ.” ದನಿ ಇಳಿಸಿದರು. “ಮತ್ತೆ ಅರ್ಜಿ ಹಾಕ್ಲಿಕ್ಕೆ ಆಗ್ತದಂತೆ. ಈಗ ಕರ್ಕೊಂಡು ಹೋಗುವನಾ? ಈಗ ಎಂತ ಕೇಳಿದರೂ ಹೇಳುದಿಲ್ಲ ಅವಳು. ಈ ಸಲ ನಾನೂ ಬಾಯಿ ಮುಚ್ಚಿ ಕೂತ್ಕೊಳ್ತೇನೆ ಸಾರ್, ಆಣೆ. ಪರ್ಸೆಂಟ್ ಸಿಕ್ಕಿದರೆ ನೀವು ಬರ್ತೀರಲ್ಲ?”

ಬರುತ್ತೇನೆ. ಪಟ್ಟಿಗೆ ಹೆಸರು ಬಂದರೆ ಬರುತ್ತೇನೆ. ಏನು ಕಲಿಸಲು? ಈ ‘ಗೊತ್ತಿಲ್ಲ’ವನ್ನು ಇವತ್ತು ಬಿಡಿಸಿದರೆ ಪಟ್ಟಿ ಇಲ್ಲ. ಬಿಡಿಸದೆ ಪರೀಕ್ಷೆಯವರೆಗೆ ಹಾಗೇ ಬಿಟ್ಟರೆ... ಬಂದದ್ದು ಹೋಗುವುದಿಲ್ಲ ಇವಳಲ್ಲಿ. ಅದನ್ನು ಬರೆದಿಟ್ಟವನು ನಾನೇ. ನಾಳೆ ಇನ್ನೊಂದು ಬಸ್ಸು ಹತ್ತಿದರೆ?

ಒಳಗೆ ಮೋಕ್ಷಾ ನನ್ನನ್ನು ಕಂಡು ಎದ್ದು ಓಡಿ ಬಂದಳು. “ಸಾರ್ ಗುರುವಾರ!” ನಗು ಕಿವಿಯವರೆಗೆ. ನನ್ನ ಬ್ಯಾಗು ತಾನೇ ಬಿಚ್ಚಿ ಡಬ್ಬಿ ತೆಗೆದು ನನ್ನ ಕೈಗೆ ಕೊಟ್ಟಳು. ಕುಶಲಾ ಬಾಗಿಲಿಗೆ ಒರಗಿ ನೋಡುತ್ತಿದ್ದರು.

ಕೇಳಬಾರದಿತ್ತು. ಕೇಳಿದೆ.

“ನಿನ್ನ ಹೆಸರೆಂತ?”

ಎಷ್ಟು ಸ್ಪಷ್ಟವಾಗಿ ಹೇಳಿದಳು. ಒಂದಕ್ಷರ ತೊದಲಲಿಲ್ಲ.

“ಗೊತ್ತಿಲ್ಲ.”

ಹೇಳಿ, ಅಂಗೈ ಬಿಡಿಸಿ ನನ್ನ ಮುಂದೆ ಚಾಚಿದಳು. ನಾನು ಡಬ್ಬಿಯ ಮುಚ್ಚಳ ತೆಗೆದೆ.