ಕಸದ ಗುಡ್ಡಕ್ಕೆ ನೀವು ಹೊಡೆಸಿದ ನಿಂಬೆ ಪರಿಮಳ

ಕಸ ವಿಲೇವಾರಿ ವಿಭಾಗದ ಮಾನ್ಯ ಅಧಿಕಾರಿಗಳೇ,

ನಮಗೆ ಭಯವಾಗುತ್ತಿದೆ. ಸುತ್ತಿ ಬಳಸಿ ಹೇಳುವಷ್ಟು ತಾಳ್ಮೆ ಉಳಿದಿಲ್ಲ. ನಮ್ಮ ಹಿಂದಿನ ಗೋಡೆಗೆ ಒತ್ತಿಕೊಂಡು ಬೆಳೆದಿರುವ ನಿಮ್ಮ ಕಸದ ಗುಡ್ಡದ ಅನಿಲ ನೆಲದಡಿಯಿಂದ ಹರಿದು ಮನೆಯೊಳಗೆ ಬರುತ್ತಿದೆ. ಬಂದದ್ದು ಈಗ ನಮಗೆ ಗೊತ್ತಾಗುತ್ತಿಲ್ಲ. ಗೊತ್ತಾಗದಂತೆ ಮಾಡಿದವರು ತಾವೇ.

ತಪ್ಪು ನಮ್ಮದೂ ಇದೆ, ಒಪ್ಪಿಕೊಳ್ಳುತ್ತೇನೆ. ಬೀದಿಯವರೆಲ್ಲ ಸೇರಿ ಕೊಟ್ಟ ದೂರಿನಲ್ಲಿ ಕೊಳೆತ ಮೊಟ್ಟೆಯ ವಾಸನೆ ತಡೆಯಲಾಗುತ್ತಿಲ್ಲ ಎಂದಷ್ಟೇ ಬರೆದೆವು. ತಾವು ಎಂಥ ದಕ್ಷರು! ಹದಿನೈದೇ ದಿನದಲ್ಲಿ ಗುಡ್ಡದ ಸುತ್ತ ಯಂತ್ರ ನಿಲ್ಲಿಸಿ ನಿಂಬೆಯ ಪರಿಮಳ ಹೊಡೆಸಿದಿರಿ. ಮೊದಲು ಆ ನಾತ ಬಂದರೆ ಒಲೆ ಆರಿಸಿ, ಕಿಟಕಿ ತೆರೆದು, ಮಗುವನ್ನು ಎತ್ತಿಕೊಂಡು ಬೀದಿಗೆ ಓಡುತ್ತಿದ್ದೆವು. ನಮಗಿದ್ದ ಎಚ್ಚರಿಕೆ ಅದೊಂದೇ. ಮನೆಯೊಳಗೂ ತುಂಬಿದ ನಿಂಬೆ ಪರಿಮಳದಿಂದ ಅದರ ಬಾಯನ್ನೂ ಮುಚ್ಚಿಸಿದಿರಿ.

ಕಳೆದ ಮಂಗಳವಾರ ಮಧ್ಯಾಹ್ನ, ಹೊಲಿಗೆಯಲ್ಲಿ ನನಗೆ ಜೊತೆಯಾಗಿರುವ ನನ್ನ ಅಕ್ಕ ಹಿಂದಿನ ಕೋಣೆಯಲ್ಲಿ ಇಸ್ತ್ರಿ ಪೆಟ್ಟಿಗೆಯ ಸ್ವಿಚ್ ಹಾಕಿದಳು. ಕಿಡಿಗೆ ಭಗ್ಗೆಂದು ಹೊತ್ತಿದ ನೀಲಿ ಬೆಂಕಿ ನೆಲದ ಬಿರುಕಿನುದ್ದಕ್ಕೂ ಓಡಿ ಆರಿತು. ಅಕ್ಕನ ಹುಬ್ಬು ಸುಟ್ಟಿತು, ಎಡಗೈ ಚರ್ಮ ಸುಲಿಯಿತು. ದಿನಾ ಅದೇ ಹೊತ್ತಿಗೆ ಅದೇ ಕೋಣೆಯಲ್ಲಿ ನನ್ನ ಮೊಮ್ಮಗಳು ಮಲಗುತ್ತಾಳೆ. ಅಂದು ಹಟ ಹಿಡಿದು ನನ್ನ ಮಡಿಲಲ್ಲಿದ್ದಳು. ನೆನೆದರೆ ಈಗಲೂ ಹೊಲಿಗೆ ಸೊಟ್ಟಗಾಗುತ್ತದೆ.

ನೋಡಲು ಬಂದ ನಿಮ್ಮ ಇಂಜಿನಿಯರ್ ಎರಡು ಸಲ ಉಸಿರೆಳೆದು, "ಕೆಟ್ಟ ವಾಸನೆನೇ ಇಲ್ವಲ್ಲಮ್ಮಾ, ಇನ್ನೆಲ್ಲಿ ಗ್ಯಾಸು?" ಎಂದರು.

"ವಾಸನೆ ಬಂದಿದ್ರೆ ನಾನ್ಯಾಕೆ ಸ್ವಿಚ್ ಮುಟ್ತಿದ್ದೆ ಸ್ವಾಮಿ?" ಎಂದಳು ಅಕ್ಕ, ಬಟ್ಟೆ ಸುತ್ತಿದ ಕೈ ಚಾಚಿ. ಅವರು ಅದನ್ನು ಬರೆದುಕೊಳ್ಳಲಿಲ್ಲ. ಇಷ್ಟು ದೊಡ್ಡ ಇಲಾಖೆಯಲ್ಲಿ ಅನಿಲ ಅಳೆಯಲು ಇರುವ ಉಪಕರಣ ಅವರ ಮೂಗೊಂದೇನಾ?

ಆ ಪರಿಮಳ ನಿಲ್ಲಿಸಿ. ಗುಡ್ಡದೊಳಗೆ ಕೊಳವೆ ಇಳಿಸಿ, ಅನಿಲವನ್ನು ಹೀರಿ, ಮನೆಗಳಿಂದ ದೂರ ಒಯ್ದು ಸುಟ್ಟುಹಾಕಿ. ಅನಿಲ ಬಂದರೆ ಕೂಗಿ ಹೇಳುವ ಯಂತ್ರವನ್ನು ಪ್ರತಿ ಮನೆಗೂ ಕೊಡಿ. ಅಲ್ಲಿಯವರೆಗೆ ಮಕ್ಕಳನ್ನು ಮಲಗಿಸಲು ಬೇರೆ ಜಾಗ ತೋರಿಸಿ.

ನಾಲ್ಕು ವರ್ಷದ ಮೊಮ್ಮಗಳು ಈಗ ಯಾವ ಕೋಣೆಗೆ ಹೋದರೂ ಬಾಗಿಲಲ್ಲೇ ನಿಂತು ಕೂಗುತ್ತಾಳೆ: "ಅಜ್ಜೀ, ಲೈಟ್ ಹಾಕ್ಲಾ?" ಉತ್ತರ ಗೊತ್ತಿರುವವರು ನಿಮ್ಮ ಕಚೇರಿಯಲ್ಲಿದ್ದರೆ ಕಳಿಸಿಕೊಡಿ. ಅವಳು ಬಾಗಿಲಲ್ಲೇ ನಿಂತಿದ್ದಾಳೆ.

ಇಂತಿ,
ದೀಪ ಹಾಕಲು ಹೆದರಿ ಹೊಸ್ತಿಲಲ್ಲಿ ಕುಳಿತು ಹೊಲಿಯುತ್ತಿರುವ,
ನಿಮ್ಮ ಗುಡ್ಡದ ಪಕ್ಕದ ಮನೆಯ ದರ್ಜಿ