ಸೇವಂತಿಯ ಡಬ್ಬಿ

ಘಾಟ್ಕೋಪರ್, ಜೂನ್ ೧೯೫೪

ಟೀಚರಮ್ಮನವರಿಗೆ ಮೋನಪ್ಪನ ನಮಸ್ಕಾರ.

ಶಾಲೆ ಶುರುವಾದಂದಿನಿಂದ ನನ್ನ ಮಗಳು ಸೇವಂತಿ ಡಬ್ಬಿಯ ಊಟವನ್ನೆಲ್ಲ ಕಾಗೆಗಳಿಗೆ ಹಾಕುತ್ತಾಳೆಂದು ಹೇಳಿ ಕಳಿಸಿದ್ದಿರಿ. ಹೆಸರುಕಾಳಿನ ಪಲ್ಯ, ಮೊಸರನ್ನ, ಏನು ಕಟ್ಟಿದರೂ ಅಷ್ಟೇ. ದಯವಿಟ್ಟು ಗದರಿಸಬೇಡಿ.

ರಜೆಯಲ್ಲಿ ಅವಳ ತಾಯಿ ತೀರಿಕೊಂಡಳು. ಉತ್ತರಕ್ರಿಯೆಯ ಬೊಜ್ಜದ ದಿನ ಚಾಳಿನ ಹಿಂದಿನ ಗೋಡೆಯ ಮೇಲೆ ಕಾಗೆಗೆಂದು ಎಡೆ ಇಟ್ಟೆವು. ಬೊಂಬಾಯಿಯಲ್ಲಿ ಕಾಗೆಗಳಿಗೇನು ಬರವೇ, ಆದರೂ ಒಂದೂ ಮುಟ್ಟಲಿಲ್ಲ. ಸತ್ತವಳು ಹಸಿದೇ ಹೋದಳು ಎಂದು ಹಿರಿಯರು ಅಂದದ್ದನ್ನು ಮಗು ಕೇಳಿಸಿಕೊಂಡಿದೆ.

ಅಮ್ಮನ ಹೊಟ್ಟೆ ತುಂಬಿತು, ಇನ್ನು ನೀನು ಉಣ್ಣು ಎಂದು ನೀವಾದರೂ ಹೇಳಿ ನೋಡಿ. ನಾನು ಹೇಳಿದರೆ ನಂಬುವುದಿಲ್ಲ. ಆ ಎಡೆಯನ್ನು ಹಾಗೆಯೇ ವಾಪಸು ತಂದವನು ನಾನು. ನೀರಿನ ಚೊಂಬು ಹಿಡಿದು ನನ್ನ ಹಿಂದೆ ಬಂದವಳು ಅವಳು.

ಇತಿ,
ಸೇವಂತಿಯ ತಂದೆ ಮೋನಪ್ಪ